ಚೀಲದಲ್ಲಿ ಲ್ಯಾಪ್‌ಟಾಪ್, ತರಗತಿಯಲ್ಲಿ ಖಾಲಿ ಕುರ್ಚಿ

ಬಡವರ ಮಕ್ಕಳ ಓದಿನ ಬಗ್ಗೆ ನಮ್ಮ ಸರಕಾರಗಳಿಗೆ ಕಾಳಜಿ ಉಕ್ಕಿದಾಗಲೆಲ್ಲ ಅದು ಯಾವುದಾದರೊಂದು ವಸ್ತುವಿನ ರೂಪದಲ್ಲಿ ಹೊರಬರುತ್ತದೆ. ವಸ್ತುವಿಗೆ ಒಂದು ಅನುಕೂಲವಿದೆ. ಅದನ್ನು ವೇದಿಕೆಯ ಮೇಲೆ ಕೊಡಬಹುದು, ಕೊಡುವಾಗ ಫೋಟೊ ತೆಗೆಸಿಕೊಳ್ಳಬಹುದು, ಅದರ ಮುಚ್ಚಳದ ಮೇಲೆ ಮುಖ್ಯಮಂತ್ರಿಯ ಚಿತ್ರ ಅಂಟಿಸಬಹುದು. ಶಾಲೆಗೆ ಒಬ್ಬ ಗಣಿತದ ಮೇಷ್ಟ್ರನ್ನು ಕೊಟ್ಟರೆ ಅವರ ಹಣೆಯ ಮೇಲೆ ಯಾರ ಚಿತ್ರವನ್ನೂ ಅಂಟಿಸಲಾಗುವುದಿಲ್ಲ.

2011ರಲ್ಲಿ ತಮಿಳುನಾಡಿನ ಜಯಲಲಿತಾ ಸರಕಾರ ಹನ್ನೆರಡನೇ ತರಗತಿಯ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಹಂಚತೊಡಗಿತು. 2013ರಲ್ಲಿ ಉತ್ತರ ಪ್ರದೇಶದ ಅಖಿಲೇಶ್ ಯಾದವ್ ಸರಕಾರ ಅದೇ ದಾರಿ ಹಿಡಿಯಿತು. ನಮ್ಮಲ್ಲಿ 2020ರಲ್ಲಿ ಸರಕಾರಿ ಪದವಿ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಸಿಕ್ಕಿತು, ಮರುವರ್ಷ ಒಂದೂವರೆ ಲಕ್ಷದಷ್ಟು ಮಂದಿಗೆ ಟ್ಯಾಬ್ಲೆಟ್. ಇವೆಲ್ಲ ದೊಡ್ಡ ಮಕ್ಕಳ ಮಾತಾಯಿತು. ಕಾಲೇಜಿನ ಹುಡುಗ ಅರ್ಜಿ ತುಂಬಬೇಕು, ಪ್ರಾಜೆಕ್ಟ್ ಬರೆಯಬೇಕು, ಕೆಲಸ ಹುಡುಕಬೇಕು. ಅವನಿಗೆ ಯಂತ್ರ ಬೇಕೆನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಈಗ ಸಭೆ ಸಮಾರಂಭಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ. ಕಾಲೇಜಿನವರಿಗೆ ಕೊಟ್ಟಿರಿ, ಸರಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ಏನು ಪಾಪ ಮಾಡಿದ್ದಾರೆ? ಅವರಿಗೂ ತಲೆಗೊಂದು ಲ್ಯಾಪ್‌ಟಾಪ್ ಕೊಡಿ! ಹೀಗೆ ಕೇಳುವವರಲ್ಲಿ ಕಂಪ್ಯೂಟರ್ ಮಾರುವವರು ಮಾತ್ರ ಇದ್ದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಸಮಾನತೆಯ ಬಗ್ಗೆ ನಿಜವಾಗಿ ನೋವಿರುವ ಗೆಳೆಯರೂ, ನಮ್ಮ ಸಮುದಾಯದ ಸಂಘಟನೆಗಳಲ್ಲಿ ಮಕ್ಕಳ ಓದಿಗಾಗಿ ಓಡಾಡುವ ಹಿರಿಯರೂ ಹೀಗೆ ಕೇಳುತ್ತಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಸರಕಾರ ಕೊಡಬಾರದು, ನಾವು ಕೇಳಲೂಬಾರದು.

ಮೊದಲು ಅವರ ವಾದವನ್ನು ಅದರ ಪೂರ್ತಿ ಬಲದೊಂದಿಗೆ ನೋಡೋಣ. ದಾವಣಗೆರೆಯ ಪಿ.ಜೆ. ಬಡಾವಣೆಯ ಅನುಕೂಲಸ್ಥರ ಮನೆಯ ಮಗು ಮೂರನೇ ತರಗತಿಗೆ ಬರುವಷ್ಟರಲ್ಲಿ ಕೀಲಿಮಣೆಯ ಮೇಲೆ ಬೆರಳಾಡಿಸುತ್ತಿರುತ್ತದೆ. ಅದೇ ತಾಲ್ಲೂಕಿನ ಲೋಕಿಕೆರೆಯಲ್ಲಿ ಕೂಲಿಕಾರನ ಮಗು, ಅಥವಾ ಊರೊಳಗೇ ಆಜಾದ್ ನಗರದಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಗು ಅಪ್ಪನ ಒಡೆದ ಮೊಬೈಲಿನಾಚೆ ಏನನ್ನೂ ಕಂಡಿರುವುದಿಲ್ಲ. ಈ ಎರಡು ಮಕ್ಕಳು ಮುಂದೆ ಒಂದೇ ಪರೀಕ್ಷೆಗೆ, ಒಂದೇ ನೌಕರಿಗೆ ಸ್ಪರ್ಧಿಸಬೇಕು. ಅಂತರವನ್ನು ಚಿಕ್ಕಂದಿನಲ್ಲೇ ಮುಚ್ಚದಿದ್ದರೆ ಮುಂದೆ ಮುಚ್ಚಲಾಗದು ಎನ್ನುತ್ತಾರೆ. 2020ರ ಕೊರೋನ ಕಾಲವನ್ನು ನೆನಪಿಸುತ್ತಾರೆ. ಖಾಸಗಿ ಶಾಲೆಯ ಮಕ್ಕಳು ಮನೆಯಲ್ಲಿ ಕುಳಿತು ಪಾಠ ಕೇಳಿದರು, ಬಡವರ ಮಕ್ಕಳ ಬಾಗಿಲು ಮುಚ್ಚಿತು. ಇದು ಸುಳ್ಳೆಂದು ಯಾರು ಹೇಳಬಲ್ಲರು?

ಸುಳ್ಳಲ್ಲ. ಆದರೆ ಅದೇ ಕೊರೋನ ಕಾಲದ ಇನ್ನೊಂದು ಸಂಗತಿಯನ್ನು ನಾವು ಬಹಳ ಬೇಗ ಮರೆತಿದ್ದೇವೆ. 2020ರ ಆಗಸ್ಟ್‌ನಲ್ಲಿ ಕರ್ನಾಟಕ ಸರಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ಆರಂಭಿಸಿತು. ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಮೊಬೈಲ್ ಇರುವವರು, ಏನೂ ಇಲ್ಲದವರು ಎಂದು ಗುಂಪು ಮಾಡಿ, ಸರಕಾರಿ ಶಾಲೆಯ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಮರದಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ, ಸಮುದಾಯ ಭವನದಲ್ಲಿ ಚಾಪೆ ಹಾಸಿ ಪಾಠ ನಡೆಯಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿಗಳ ನಡುವೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಯಂತ್ರವಿಲ್ಲದ ಮಗುವನ್ನು ಆ ಎರಡು ತಿಂಗಳು ತಲುಪಿದ್ದು ಒಬ್ಬ ಮನುಷ್ಯ. ಕೊರೋನ ನಮಗೆ ಕೊಟ್ಟ ಪಾಠ ಲ್ಯಾಪ್‌ಟಾಪ್ ಬೇಕು ಎಂಬುದಾಗಿದ್ದರೆ, ವಿದ್ಯಾಗಮ ಕೊಟ್ಟ ಪಾಠ ಯಾವುದು?

ತಲೆಗೊಂದು ಲ್ಯಾಪ್‌ಟಾಪ್ ಎನ್ನುವುದು ಹೊಸ ಆಲೋಚನೆಯೂ ಅಲ್ಲ. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿಯಾಗಿದೆ. ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ನೂರು ಡಾಲರಿನ ಲ್ಯಾಪ್‌ಟಾಪ್ ಮಾಡಿಕೊಡುತ್ತೇನೆ, ಬಡದೇಶಗಳ ಸರಕಾರಗಳು ಕೊಂಡು ಪ್ರತಿ ಮಗುವಿಗೂ ಕೊಡಲಿ ಎಂದು ಸಾರಿದರು. ಯಂತ್ರ ಬಂದಾಗ ಅದರ ಬೆಲೆ ನೂರಲ್ಲ, ನೂರ ಎಂಬತ್ತು ಡಾಲರನ್ನೂ ಮೀರಿತ್ತು. 2006ರಲ್ಲಿ ನಮ್ಮ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ ಈ ಯೋಜನೆ ಬೇಡವೆಂದಿತು. ತರಗತಿ ಕೋಣೆಗೆ ಮತ್ತು ಶಿಕ್ಷಕರಿಗೆ ಆಗಬೇಕಾದ ಖರ್ಚು ಇನ್ನೂ ಬಾಕಿಯಿದೆ ಎಂಬುದು ಅದರ ನಿಲುವು. ದಿಲ್ಲಿಯ ಅಧಿಕಾರಿಗಳನ್ನು ಹೊಗಳುವ ಅವಕಾಶ ನಮಗೆ ಅಪರೂಪಕ್ಕೆ ಸಿಗುತ್ತದೆ, ಇದು ಅಂಥದ್ದೊಂದು. ಆದರೂ 2007ರಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾಟ್ ಎಂಬ ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ ಪ್ರಯೋಗ ನಡೆಯಿತು. ಮಕ್ಕಳು ಸಂತೋಷಪಟ್ಟರು, ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ದೇಶದ ಸರಕಾರಿ ಶಾಲೆಗಳಿಗೆ ಅದು ಹಬ್ಬಲಿಲ್ಲ.

ಭಾರತ ಬೇಡವೆಂದದ್ದನ್ನು ದಕ್ಷಿಣ ಅಮೆರಿಕದ ಪೆರು ದೇಶ ಬೇಕೆಂದಿತು. ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡಿತು, ಗುಡ್ಡಗಾಡಿನ ಬಡ ಶಾಲೆಗಳಿಂದಲೇ ಹಂಚಲು ಆರಂಭಿಸಿತು. 319 ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂತು. ಮಕ್ಕಳಿಗೆ ಆ ಯಂತ್ರ ಬಳಸುವುದು ಬಂದಿತ್ತು, ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅಲ್ಪಸ್ವಲ್ಪ ಸುಧಾರಣೆಯೂ ಕಂಡಿತ್ತು. ಗಣಿತದಲ್ಲಿ, ಭಾಷೆಯಲ್ಲಿ ಮಾತ್ರ ಲ್ಯಾಪ್‌ಟಾಪ್ ಸಿಕ್ಕ ಶಾಲೆಗೂ ಸಿಗದ ಶಾಲೆಗೂ ವ್ಯತ್ಯಾಸವೇ ಇರಲಿಲ್ಲ. ಸಮಯ ಕೊಡಿ, ಫಲ ನಿಧಾನವಾಗಿ ಬರುತ್ತದೆ ಎಂದವರಿದ್ದರು. ಸುಮಾರು ಹತ್ತು ವರ್ಷಗಳ ನಂತರದ ಸ್ಥಿತಿಯನ್ನು ನೋಡಿದ ಅಧ್ಯಯನದಲ್ಲೂ ಮಕ್ಕಳ ಓದಿನ ಮೇಲೆ ಗುರುತಿಸಬಹುದಾದ ಪರಿಣಾಮ ಕಾಣಲಿಲ್ಲ. ಪೆರುವಿನಲ್ಲಿ ಆದದ್ದು ದಾವಣಗೆರೆಯಲ್ಲೂ ಆಗಬೇಕೆಂದೇನಿಲ್ಲ ನಿಜ. ಆದರೆ ಬಡವರ ತೆರಿಗೆಯ ಹಣವನ್ನು ಅಷ್ಟು ದೊಡ್ಡ ಮಟ್ಟದಲ್ಲಿ ಖರ್ಚು ಮಾಡುವ ಮೊದಲು, ಇಲ್ಲಿ ಏಕೆ ಬೇರೆಯಾಗುತ್ತದೆ ಎಂದು ಹೇಳುವ ಹೊಣೆ ಕೇಳುವವರ ಮೇಲಿದೆ.

ನಮ್ಮ ನಾಡಿನದೇ ಉದಾಹರಣೆ ಬೇಕಾದರೆ ಅದೂ ಇದೆ. 2001ರಲ್ಲಿ ಕರ್ನಾಟಕದಲ್ಲಿ ಮಾಹಿತಿ ಸಿಂಧು ಎಂಬ ಯೋಜನೆ ಬಂತು. ಸಾವಿರ ಸರಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೋಣೆ, ಖಾಸಗಿ ಕಂಪನಿಗಳಿಗೆ ಗುತ್ತಿಗೆ. ಯಂತ್ರವೂ ಕಂಪನಿಯದು, ಕಲಿಸುವವರೂ ಕಂಪನಿಯವರು. ಶಾಲೆಯ ಮೇಷ್ಟ್ರುಗಳಿಗೆ ಆ ಕೋಣೆ ಪರರ ಮನೆಯಂತಿತ್ತು. ಗುತ್ತಿಗೆ ಮುಗಿದಾಗ ಕಲಿಸುವವರು ಹೋದರು, ಹಳೆಯ ಯಂತ್ರಗಳು ಉಳಿದವು. ಅದೇ ಹೊತ್ತಿನಲ್ಲಿ ಕೇರಳ ಬೇರೆ ದಾರಿ ಹಿಡಿದಿತ್ತು. ತನ್ನ ಶಿಕ್ಷಕರಿಗೇ ತರಬೇತಿ ಕೊಟ್ಟು, ದುಡ್ಡು ಕೊಡಬೇಕಿಲ್ಲದ ಮುಕ್ತ ತಂತ್ರಾಂಶ ಬಳಸಿ, ಕೆಟ್ಟ ಯಂತ್ರವನ್ನು ತಾನೇ ರಿಪೇರಿ ಮಾಡಿಸಿಕೊಳ್ಳುವ ವ್ಯವಸ್ಥೆ ಕಟ್ಟಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಎರಡು ರಾಜ್ಯಗಳ ಯೋಜನೆಗಳನ್ನು ಹೋಲಿಸಿ ನೋಡಿ, ಶಿಕ್ಷಕರನ್ನು ನಡುವೆ ನಿಲ್ಲಿಸಿದ ಕೇರಳದ ಮಾದರಿಯೇ ಗಟ್ಟಿಯಾದದ್ದು ಎಂದಿತು.

ಇನ್ನೂ ಮಾತು ಬೆಳೆಸುವವರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಅನುಭವವನ್ನು ಹೇಳಬೇಕು. ಕಂಪ್ಯೂಟರಿನಿಂದಲೇ ಸಂಪತ್ತು ಗಳಿಸಿದ ಮನುಷ್ಯನ ಸಂಸ್ಥೆ ಅದು. ಯಂತ್ರದ ಬಗ್ಗೆ ಅವರಿಗೆ ಅಸಡ್ಡೆಯಿತ್ತೆಂದು ಯಾರೂ ಆರೋಪಿಸಲಾರರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅವರು ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಕೆಯ ಕೇಂದ್ರಗಳನ್ನು ತೆರೆಯಲು ನೆರವಾದರು, ಕನ್ನಡದಲ್ಲಿ ಸಿ.ಡಿ.ಗಳನ್ನು ಮಾಡಿಸಿದರು, ಹಲವು ರಾಜ್ಯಗಳಿಗೆ ವಿಸ್ತರಿಸಿದರು. ಕೆಲವು ವರ್ಷಗಳ ನಂತರ ತಾವೇ ಪರಿಶೀಲಿಸಿ ನೋಡಿ ಆ ಕಾರ್ಯಕ್ರಮದಿಂದ ಹಿಂದೆ ಸರಿದರು. ಶಿಕ್ಷಣದ ನಿಜವಾದ ಸಮಸ್ಯೆಗಳಿಗೆ ಇದು ಪರಿಹಾರವಲ್ಲ, ಹೆಚ್ಚೆಂದರೆ ಒಳ್ಳೆಯ ಮೇಷ್ಟ್ರಿಗೆ ಒಂದು ಸಹಾಯ ಎಂದು 2010ರಲ್ಲಿ ಆ ಸಂಸ್ಥೆಯ ಅನುರಾಗ್ ಬೆಹರ್ ಬಹಿರಂಗವಾಗಿಯೇ ಬರೆದರು. ಅಲ್ಲಿಂದ ಮುಂದೆ ಅವರ ಹಣ ಮತ್ತು ಶ್ರಮ ಹರಿದದ್ದು ಶಿಕ್ಷಕರ ತಯಾರಿಯ ಕಡೆಗೆ.

ಹಾಗಾದರೆ ಕಂಪ್ಯೂಟರಿನಿಂದ ಚಿಕ್ಕ ಮಕ್ಕಳು ಕಲಿಯುವುದೇ ಇಲ್ಲವೆ? ಕಲಿಯುತ್ತಾರೆ. ಗುಜರಾತಿನ ವಡೋದರದ ಕತೆ ಈ ವಿಷಯದಲ್ಲಿ ಬಹಳ ಬೋಧಪ್ರದವಾದದ್ದು. 2000ದ ಇಸವಿಯಲ್ಲಿ ಅಲ್ಲಿನ ನೂರು ನಗರಪಾಲಿಕೆ ಪ್ರಾಥಮಿಕ ಶಾಲೆಗಳಿಗೆ ರಾಜ್ಯ ಸರಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತು. ಸ್ವಲ್ಪ ದಿನದ ಮೇಲೆ ಹೋಗಿ ನೋಡಿದರೆ ಹೆಚ್ಚಿನವು ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಆಮೇಲೆ ಪ್ರಥಮ್ ಸಂಸ್ಥೆಯವರು ಅವನ್ನು ಹೊರತೆಗೆಸಿ, ಹೇಳಿಕೊಡುವ ಒಬ್ಬರನ್ನು ನಿಲ್ಲಿಸಿ, ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಒಂದು ಯಂತ್ರಕ್ಕೆ ಇಬ್ಬರಂತೆ, ಗಣಿತದ ಆಟಗಳನ್ನು ಆಡಿಸಿದರು. ಗಣಿತ ಚೆನ್ನಾಗಿಯೇ ಸುಧಾರಿಸಿತು. ಗಮನಿಸಿ, ಅಲ್ಲಿ ಯಾವ ಮಗುವಿಗೂ ಸ್ವಂತ ಲ್ಯಾಪ್‌ಟಾಪ್ ಇರಲಿಲ್ಲ. ಇಡೀ ಶಾಲೆಗೆ ನಾಲ್ಕೇ ಯಂತ್ರ. ಜೊತೆಗೆ ಅದೇ ಸಂಶೋಧಕರು ಇನ್ನೊಂದನ್ನೂ ಅಳೆದರು. ಅದೇ ಬಡಾವಣೆಗಳ ಓದಿದ ಹೆಣ್ಣುಮಕ್ಕಳನ್ನು ತಿಂಗಳಿಗೆ 500ರಿಂದ 750 ರೂಪಾಯಿ ಗೌರವಧನದ ಮೇಲೆ ನೇಮಿಸಿ, ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂರಿಸಿ ಅಕ್ಷರ ಮತ್ತು ಲೆಕ್ಕ ಕಲಿಸಿದ್ದು. ಬಾಲಸಖಿ ಎಂದು ಅವರಿಗೆ ಹೆಸರು. ಖರ್ಚು ಮಾಡಿದ ಪ್ರತಿ ರೂಪಾಯಿಗೆ ಸಿಕ್ಕ ಕಲಿಕೆಯನ್ನು ಲೆಕ್ಕ ಹಾಕಿದರೆ ಬಾಲಸಖಿ ಕಂಪ್ಯೂಟರನ್ನು ಹಲವು ಪಟ್ಟು ಹಿಂದೆ ಹಾಕಿದ್ದಳು. ಆ ಅಧ್ಯಯನ ಮಾಡಿದವರಲ್ಲಿ ಇಬ್ಬರು, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನೊಬೆಲ್ ಬಂದದ್ದರಿಂದ ಅವರ ಮಾತು ನಿಜವಾಗುವುದಿಲ್ಲ. ಆದರೆ ನಮ್ಮಲ್ಲಿ ನೊಬೆಲ್ ಎಂದರೆ ಮಾತ್ರ ಕಿವಿಗೊಡುವವರೂ ಇದ್ದಾರಲ್ಲ!

ಇನ್ನು ನಮ್ಮೂರಿನ ಲೆಕ್ಕಕ್ಕೆ ಬರೋಣ. ಲೋಕಿಕೆರೆಯಂಥ ಒಂದು ಹಳ್ಳಿಯ ಶಾಲೆಯಲ್ಲಿ ಅರವತ್ತು ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಆ ಊರಿನ ಹಾಜರಿ ಪುಸ್ತಕದಿಂದ ತೆಗೆದ ಸಂಖ್ಯೆಯಲ್ಲ ಇದು, ಲೆಕ್ಕದ ಅನುಕೂಲಕ್ಕೆ ಹಿಡಿದದ್ದು. ಸಾಧಾರಣ ಲ್ಯಾಪ್‌ಟಾಪಿಗೆ 25,000 ರೂ. ಎಂದರೆ ಹದಿನೈದು ಲಕ್ಷವಾಯಿತು. ಮಕ್ಕಳ ಕೈಯಲ್ಲಿ, ಧೂಳಿನಲ್ಲಿ, ಚೀಲದಲ್ಲಿ ಕುಲುಕಾಡಿ ಅದು ಐದು ವರ್ಷ ಬಾಳಿದರೆ ದೊಡ್ಡ ಮಾತು. ಈಗ ಇನ್ನೊಂದು ಕಡೆ ನೋಡಿ. 2025-26ರ ಬಜೆಟ್ಟಿನಲ್ಲಿ ಅತಿಥಿ ಶಿಕ್ಷಕರ ಗೌರವಧನವನ್ನು 2,000 ರೂ. ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಸಿಗುವುದು ತಿಂಗಳಿಗೆ 12,000 ರೂ. ವರ್ಷಕ್ಕೆ ಹತ್ತು ತಿಂಗಳೆಂದರೆ 1,20,000. ಅದೇ ಹದಿನೈದು ಲಕ್ಷದಲ್ಲಿ ಆ ಶಾಲೆಗೆ ಐದು ವರ್ಷ ಕಾಲ ಇಬ್ಬರು ಹೆಚ್ಚುವರಿ ಶಿಕ್ಷಕರನ್ನು ಕೊಟ್ಟರೆ ಹನ್ನೆರಡು ಲಕ್ಷ ಆಗುತ್ತದೆ. ಉಳಿದ ಮೂರು ಲಕ್ಷದಲ್ಲಿ ಎರಡು ಲಕ್ಷಕ್ಕೆ ಐವತ್ತು ರೂಪಾಯಿಯ ಮಕ್ಕಳ ಪುಸ್ತಕ ನಾಲ್ಕು ಸಾವಿರ ಬರುತ್ತವೆ. ಇನ್ನೊಂದು ಲಕ್ಷದಲ್ಲಿ ಶಾಲೆಗೆಂದು ಎರಡು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ತಂದು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಮೇಷ್ಟ್ರ ಕೈಗೆ ಕೊಡಬಹುದು. ಯಾವುದು ಬೇಕೆಂದು ಆ ಊರಿನ ತಾಯಂದಿರನ್ನೇ ಕೇಳಿ ನೋಡಿ. (ಓದಿದ ಯುವಕ ಯುವತಿಯರನ್ನು ತಿಂಗಳಿಗೆ ಹನ್ನೆರಡು ಸಾವಿರಕ್ಕೆ ದುಡಿಸಿಕೊಳ್ಳುವುದೇ ಒಂದು ನಾಚಿಕೆಗೇಡು. ಖಾಯಂ ಹುದ್ದೆ ತುಂಬಬೇಕೆಂಬುದೇ ನಿಜವಾದ ಬೇಡಿಕೆ. ಆದರೆ ಆ ನಾಚಿಕೆಗೇಡಿನ ಸಂಬಳಕ್ಕೂ ದುಡ್ಡಿಲ್ಲ ಎನ್ನುವವರು ಲ್ಯಾಪ್‌ಟಾಪಿಗೆ ದುಡ್ಡು ಎಲ್ಲಿಂದ ತರುತ್ತಾರೆ ಎಂಬುದು ನನ್ನ ಪ್ರಶ್ನೆ.)

ಮೇಷ್ಟ್ರ ಅಗತ್ಯ ಎಷ್ಟಿದೆ ಎಂಬುದಕ್ಕೆ ಒಂದೇ ಅಂಕಿ ಸಾಕು. 2024ರ ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದ ಸರಕಾರಿ ಶಾಲೆಗಳ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 44.8 ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒತ್ತಕ್ಷರದ ಬಳಿ ಎಡವಿ ನಿಂತಿದ್ದಾರೆ. ಓದಲು ಬಾರದ ಮಗುವಿನ ಕೈಗೆ ಲ್ಯಾಪ್‌ಟಾಪ್ ಕೊಟ್ಟರೆ ಅದು ಏನು ಮಾಡುತ್ತದೆ? ಓದು ಬೇಕಿಲ್ಲದ್ದನ್ನು ಮಾಡುತ್ತದೆ, ಆಟವಾಡುತ್ತದೆ, ಚಿತ್ರ ನೋಡುತ್ತದೆ. ಮಗುವಿನ ತಪ್ಪಲ್ಲ ಅದು. ಶಾಲೆಗಳಲ್ಲಿ ತೆರೆಗಳನ್ನು ತುಂಬಿದ್ದ ಶ್ರೀಮಂತ ಸ್ವೀಡನ್ನೇ 2023ರಲ್ಲಿ ಎಚ್ಚೆತ್ತು, ಚಿಕ್ಕ ಮಕ್ಕಳ ಕೈಗೆ ಮತ್ತೆ ಅಚ್ಚಿನ ಪುಸ್ತಕ ಕೊಡಲು ಹಣ ತೆಗೆದಿಟ್ಟಿತು. ಅವರು ಬಿಟ್ಟದ್ದನ್ನು ನಾವು ಸಮಾನತೆಯ ಹೆಸರಿನಲ್ಲಿ ಎತ್ತಿಕೊಳ್ಳಬೇಕೆ?

ಹರಿಹರದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಗೆ ಒಂದು ಕಾಲದಲ್ಲಿ ದೇಶದಲ್ಲೆಲ್ಲ ಹೆಸರಿತ್ತು. ಪಳಗಿದ ಟರ್ನರ್ ಇಲ್ಲದಿದ್ದರೆ ಎಂಥ ಲೇತೂ ಕಬ್ಬಿಣವನ್ನು ಗುಜರಿ ಮಾಡುತ್ತದೆ ಎಂಬುದು ಆ ಊರಿನ ಹಳೆಯ ಕಾರ್ಮಿಕರಿಗೆ ಗೊತ್ತು. ಕೆಲಸಕ್ಕೆ ಬಂದ ಹುಡುಗನಿಗೆ ಯಾರೂ ಮೊದಲ ದಿನವೇ ಸ್ವಂತಕ್ಕೊಂದು ಲೇತ್ ಕೊಟ್ಟು ಕಳುಹಿಸುತ್ತಿರಲಿಲ್ಲ, ಕಲಿಸುವವನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು.

ಈ ವಿಷಯ ಮುಸ್ಲಿಮರಿಗೆ ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಮುಖ್ಯ. 2006ರ ಸಾಚಾರ್ ಸಮಿತಿ ವರದಿ ಎರಡು ಮಾತು ಹೇಳಿತ್ತು. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಓದುವವರು ಶೇ. 3ರಷ್ಟು ಮಾತ್ರ ಎಂಬುದು ಒಂದು. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಕಾಲುಭಾಗ ಶಾಲೆಯ ಮುಖವನ್ನೇ ನೋಡಿಲ್ಲ, ಇಲ್ಲವೇ ನಡುವೆ ಬಿಟ್ಟಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಮ್ಮನ್ನು ದೂಷಿಸುವವರು ಕೇಳಿಸಿಕೊಳ್ಳಲಿಲ್ಲ, ಎರಡನೆಯದನ್ನು ನಾವು ಕೇಳಿಸಿಕೊಳ್ಳಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಇಡೀ ಕುಟುಂಬ ನಸುಕಿನಿಂದ ದುಡಿಯುವ ಮನೆಯ ಹುಡುಗ ಶಾಲೆ ಬಿಡುವುದು ಅವನ ಬಳಿ ಲ್ಯಾಪ್‌ಟಾಪ್ ಇಲ್ಲವೆಂದಲ್ಲ. ಮೂರನೇ ತರಗತಿಯ ಹೊತ್ತಿಗೆ ಪಾಠ ಅವನ ಕೈತಪ್ಪಿ ಮುಂದೆ ಹೋಗಿರುತ್ತದೆ, ಹಿಂದೆ ತಿರುಗಿ ಅವನ ಕೈಹಿಡಿಯುವವರು ಇರುವುದಿಲ್ಲ, ಭಟ್ಟಿಯಲ್ಲಿ ಮಾತ್ರ ಅವನ ಕೈಗೆ ಕೆಲಸವಿರುತ್ತದೆ. ಉರ್ದು ಮಾಧ್ಯಮದ ಮಗುವಿನ ಪಾಡು ಇನ್ನೊಂದು. ಯಂತ್ರ ತೆರೆದರೆ ಎದುರಾಗುವುದು ಇಂಗ್ಲಿಷು, ಶಾಲೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಈ ಮೂರರ ನಡುವೆ ಸೇತುವೆ ಹಾಕಿಕೊಡಲು ಬೇಕಾಗಿರುವುದು ಮೂರನ್ನೂ ಬಲ್ಲ ಒಬ್ಬ ಟೀಚರ್. ಮನೆಗೆ ಬಂದ ಒಂದು ಲ್ಯಾಪ್‌ಟಾಪ್ ತಂಗಿಯ ಹೆಸರಿನಲ್ಲಿದ್ದರೂ ಯಾರ ಮಡಿಲಲ್ಲಿರುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲಿ ಬೆಳೆದ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳಿಯಾಳು. ಶಾಲೆಯ ನಾಲ್ಕು ಗೋಡೆಯೊಳಗೆ ಮೇಷ್ಟ್ರ ಕಣ್ಣೆದುರಿಗೆ ಅವಳಿಗೆ ಸಿಗುವ ಅರ್ಧ ಗಂಟೆ ಪೂರ್ತಿ ಅವಳದು.

ಉಚಿತವಾಗಿ ಕೊಡುವುದೆಲ್ಲ ಬೇಡವೆನ್ನುವ ಉಳ್ಳವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಬಿಸಿಯೂಟವನ್ನು ಆಡಿಕೊಂಡವರ ಎದುರು ನಾನು ವಾದಿಸಿದ್ದೇನೆ, ಮೊಟ್ಟೆಗೆ ಅಡ್ಡಿ ಮಾಡಿದವರ ಎದುರೂ ವಾದಿಸುತ್ತೇನೆ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟದ್ದು ಹಳ್ಳಿಯ ಹುಡುಗಿಯರ ಪಾಲಿಗೆ ದೊಡ್ಡ ಉಪಕಾರ. ಸೈಕಲ್ ತಾನು ಮಾಡಬೇಕಾದ ಕೆಲಸವನ್ನು ತಾನೇ ಮಾಡುತ್ತದೆ, ಹುಡುಗಿಯನ್ನು ಶಾಲೆಗೆ ಮುಟ್ಟಿಸುತ್ತದೆ. ಪಂಕ್ಚರ್ ಆದರೆ ಊರಲ್ಲೇ ಹಾಕುವವರಿದ್ದಾರೆ. ಅನ್ನ ಹಸಿವನ್ನು ನೀಗಿಸಲು ಇನ್ನೊಬ್ಬರ ತರಬೇತಿ ಬೇಕಿಲ್ಲ. ಲ್ಯಾಪ್‌ಟಾಪಿಗೆ ಕರೆಂಟು ಬೇಕು, ಜಾಲ ಬೇಕು, ರಿಪೇರಿಯವರು ಬೇಕು, ಎಲ್ಲಕ್ಕಿಂತ ಮೊದಲು ಅದರಿಂದ ಏನು ಮಾಡಿಸಬೇಕೆಂದು ಬಲ್ಲ ಗುರು ಬೇಕು. ಕೊನೆಯದು ಇದ್ದರೆ ಉಳಿದದ್ದು ಹೇಗೋ ಆದೀತು. ಕೊನೆಯದಿಲ್ಲದೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ.

ಒಂದನ್ನು ಕೊಡುತ್ತೇವೆಂದು ಇನ್ನೊಂದನ್ನು ಕಿತ್ತುಕೊಳ್ಳುವ ಅಪಾಯವೂ ಊಹೆಯದ್ದಲ್ಲ. 2023ರಲ್ಲಿ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ಕೊಡುತ್ತಿದ್ದ ಶೈಕ್ಷಣಿಕ ಸಹಾಯಧನವನ್ನು ಭಾರೀ ಪ್ರಮಾಣದಲ್ಲಿ ಕಡಿತ ಮಾಡಿತು. ಕಾರ್ಮಿಕರು ಬೀದಿಗಿಳಿದರು, ವಿದ್ಯಾರ್ಥಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಅದೇ ಮಂಡಳಿ ಅದೇ ಮಕ್ಕಳ ಹೆಸರಿನಲ್ಲಿ ಲ್ಯಾಪ್‌ಟಾಪ್‌ಗಳನ್ನು ಕೊಂಡಿತ್ತು, ಅವುಗಳ ಖರೀದಿ ದರದ ಬಗ್ಗೆ ಆರೋಪಗಳೂ ಕೇಳಿಬಂದವು. ಆರೋಪ ನಿಜವೋ ಸುಳ್ಳೋ ತನಿಖೆಯವರು ನೋಡಿಕೊಳ್ಳಲಿ. ಗಾರೆ ಕೆಲಸದವನ ಮಗಳಿಗೆ ಬ್ಯಾಂಕ್ ಖಾತೆಗೆ ಬರುತ್ತಿದ್ದ ಹಣ ಫೀಸಾಗುತ್ತಿತ್ತು, ಹಾಸ್ಟೆಲ್ ಆಗುತ್ತಿತ್ತು, ಬಸ್ ಪಾಸಾಗುತ್ತಿತ್ತು. ಆ ಹಣದಲ್ಲಿ ಟೆಂಡರ್ ಕರೆಯಲು ಮಾತ್ರ ಆಗುತ್ತಿರಲಿಲ್ಲ.

ಹಾಗಾಗಿ ನಮ್ಮ ಸಂಘಟನೆಗಳ ಹಿರಿಯರಲ್ಲಿ, ಎಸ್‌ಡಿಎಂಸಿಗಳಲ್ಲಿ ಕುಳಿತಿರುವ ಪೋಷಕರಲ್ಲಿ ನನ್ನದೊಂದು ವಿನಂತಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಒಂದರಿಂದ ಐದನೇ ತರಗತಿಗೆ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕ ಎಂದು ಬರೆದುಕೊಟ್ಟಿದೆ. ಅದು ಭಿಕ್ಷೆಯಲ್ಲ, ಕಾನೂನು. ಮುಂದಿನ ಸಲ ಯಾರಾದರೂ ತಲೆಗೊಂದು ಲ್ಯಾಪ್‌ಟಾಪಿನ ಭರವಸೆ ಹೊತ್ತು ಲೋಕಿಕೆರೆಗೋ ಆಜಾದ್ ನಗರಕ್ಕೋ ಬಂದರೆ ಚಪ್ಪಾಳೆ ತಟ್ಟುವ ಮೊದಲು ನಮ್ಮ ಶಾಲೆಗೆ ಮಂಜೂರಾದ ಹುದ್ದೆಗಳೆಷ್ಟು, ತುಂಬಿರುವುದೆಷ್ಟು, ಉಳಿದವು ಯಾವ ತಾರೀಖಿನೊಳಗೆ ತುಂಬುತ್ತವೆ ಎಂದು ಬರವಣಿಗೆಯಲ್ಲಿ ಕೇಳಿ. ಮೊಹರು ಹಾಕಿದ ಉತ್ತರ ಬರುವವರೆಗೆ ಲ್ಯಾಪ್‌ಟಾಪಿನ ಪೆಟ್ಟಿಗೆಗಳು ಬಿಇಒ ಕಚೇರಿಯಲ್ಲೇ ಇರಲಿ.